ಶಾಲೆಯ ಗಾಳಿ ತೆಗೆದವರು

ಸೋಮವಾರ ಬೆಳಿಗ್ಗೆ ಎಂಟೂಕಾಲಿಗೆ ಏದುಸಿರು ಬಿಡುತ್ತ ಠಾಣೆಗೆ ಬಂದ ಯುವ ಶಿಕ್ಷಕಿಯ ದೂರು ಇಷ್ಟೇ: ಪರೀಕ್ಷೆ, ಬೆಂಚು ಎರಡೂ ಇಲ್ಲದ ಅವಳ ಹಳ್ಳಿ ಶಾಲೆಯ ವ್ಯಾನಿನ ನಾಲ್ಕೂ ಗಾಲಿಗಳ ಗಾಳಿಯನ್ನು ಯಾರೋ ತೆಗೆದಿದ್ದಾರೆ. ಗಾಳಿ ತಡೆಯುವ ಪಿನ್ನುಗಳೂ ಮಾಯವಾಗಿವೆ.

“ಹನ್ನೊಂದಕ್ಕೆ ಇಲಾಖೆಯವರು ತಲೆ ಎಣಿಸೋಕೆ ಬರ್ತಾರೆ ಸಾರ್. ಇಪ್ಪತ್ತು ಮಕ್ಕಳು ಇಲ್ದಿದ್ರೆ ಶಾಲೆಗೆ ಬೀಗ. ಮಕ್ಕಳೆಲ್ಲ ಕಲ್ಲುಕ್ವಾರಿ ಕಡೆಯವರು, ವ್ಯಾನಿಲ್ದೆ ಹೇಗೆ ಬರ್ತಾರೆ?”

“ಯಾರ ಮೇಲಾದ್ರೂ ಅನುಮಾನ?” ಇನ್‌ಸ್ಪೆಕ್ಟರ್ ಕೇಳಿದರು.

“ದೊಡ್ಡ ಸ್ಕೂಲಿನವರಿಗೆ ನಮ್ಮನ್ನ ಕಂಡ್ರಾಗಲ್ಲ.”

“ಡ್ರೈವರ್ ಯಾರು?”

“ನಮ್ಮಪ್ಪ. ಪಾಪ, ತಲೆ ಮೇಲೆ ಕೈ ಹೊತ್ತು ಕೂತಿದಾರೆ.”

ಎಫ್‌ಐಆರ್ ದಾಖಲಾಯಿತು. ಗಡಿಬಿಡಿ ಎಂದೇ ಹೆಸರಾದ ಕಾನ್‌ಸ್ಟೇಬಲ್ ಜೀಪು ಓಡಿಸುತ್ತ ದಾರಿಯುದ್ದಕ್ಕೂ ದೊಡ್ಡ ಸ್ಕೂಲಿನವರ ಜನ್ಮ ಜಾಲಾಡಿದ.

ಅಕ್ಕಪಕ್ಕದ ಇಬ್ಬರ ಸಮಕ್ಷಮ ವ್ಯಾನ್ ನಿಲ್ಲಿಸುವ ಶೆಡ್ಡಿನಲ್ಲಿ ಪಂಚನಾಮೆ ಶುರುವಾಯಿತು. ಬೀಗ ಮುರಿದಿರಲಿಲ್ಲ. ಇನ್‌ಸ್ಪೆಕ್ಟರ್ ಹೊಟ್ಟೆ ಒತ್ತಿಕೊಂಡು ಬಗ್ಗಿ ನೋಡಿದರು. ಪಿನ್ನು ಹೋಗಿದ್ದರೂ ನಾಲ್ಕೂ ಗಾಲಿಯ ಪುಟ್ಟ ಮುಚ್ಚಳಗಳನ್ನು ಯಾರೋ ತಿರುಗಿಸಿ ಬಿಗಿಯಾಗಿ ಕೂರಿಸಿದ್ದರು. ಕೆಡಿಸಲು ಬಂದವನು ಮುಚ್ಚಳ ಬಿಸಾಕಿ ಓಡುತ್ತಾನೆ. ಒಳಗೆ ಧೂಳು ಹೋದೀತೆಂದು ಮರುಗುವುದು ಗಾಡಿಯನ್ನು ಮಗುವಿನಂತೆ ಸಾಕಿದವನು ಮಾತ್ರ.

“ಶೆಡ್ಡಿನ ಕೀಲಿ ಯಾರ ಹತ್ರ ಇರುತ್ತೆ?”

“ನನ್ನ ಹತ್ರಾನೇ,” ಎಂದ ಡ್ರೈವರ್.

“ಜೇಬು ತೋರ್ಸಿ.”

ಕರವಸ್ತ್ರ ಬಿಚ್ಚಿದರೆ ಒಳಗೆ ನಾಲ್ಕು ಪಿನ್ನುಗಳಿದ್ದವು. “ಅಪ್ಪಾ, ನೀನಾ?” ಎಂದಳು ಮಗಳು.

“ಬೇಗ ಗಾಳಿ ಹೊಡ್ಸೋಣ ಸಾರ್,” ಎಂದು ಗಡಿಬಿಡಿ ಕೈಚಾಚಿದ.

“ಮುಟ್ಬೇಡ, ಅದು ಜಪ್ತಿ ಮಾಲು. ನಮ್ಮ ಜೀಪಿನ ಗಾಲೀಲಿ ಗಾಳಿ ಇದೆ ತಾನೆ? ಹೊರಡು!”

ಜೀಪು ಮೂರು ಸಲ ಹೋಗಿ ಬಂತು. ಸೈರನ್ ಹಾಕಲು ಯಾರೂ ಹೇಳಿರಲಿಲ್ಲ, ಮಕ್ಕಳು ಕೇಳಿದರೆಂದು ಗಡಿಬಿಡಿಯೇ ಹಾಕಿದ. ಹನ್ನೊಂದಕ್ಕೆ ಬಂದ ಅಧಿಕಾರಿ ಎರಡೆರಡು ಸಲ ಎಣಿಸಿದರು. ಇಪ್ಪತ್ಮೂರು! ಶಾಲೆ ಉಳಿಯಿತು. ಮಕ್ಕಳ ಕೂಗಿಗೆ ಹೆಂಚು ಹಾರುವುದೊಂದು ಬಾಕಿ. ಇನ್‌ಸ್ಪೆಕ್ಟರಿಗೂ ಕೂಗಬೇಕೆನಿಸಿತು, ಟೋಪಿ ತೆಗೆದು ಬೀಸಿಬಿಟ್ಟರು.

ಡ್ರೈವರನ್ನು ಬಂಧಿಸಿ ಠಾಣೆಗೆ ತಂದರು. ಮಗಳೂ ಹಿಂದೆಯೇ ಬಂದಳು.

“ಯಾಕೆ ಹೀಗೆ ಮಾಡಿದ್ರಿ?”

“ಪಟ್ಟಣದಲ್ಲಿ ಇವಳಿಗೆ ಕಾಯಂ ಕೆಲಸ ಸಿಕ್ಕಿದೆ. ಇಲ್ಲಿರೋದೇ ಇಬ್ಬರು ಟೀಚರು, ನಾನು ಹೋದ್ರೆ ಮಕ್ಕಳ ಗತಿ ಏನು ಅಂತಾಳೆ. ಶಾಲೆ ಮುಚ್ಚಿದ್ರೆ ತಾನಾಗೇ ಹೋಗ್ತಾಳೆ ಅಂದ್ಕೊಂಡೆ. ಇವತ್ತು ಕೆಲಸ ಇದೆ, ನಾಳೆ ಇಲ್ಲ, ನಾನು ಬಾಳಿದ್ದು ಹಾಗೇ ಸಾರ್. ಅವಳಿಗೆ ಅದು ಬೇಡ.”

ಅಪರಾಧ ಜಾಮೀನು ಕೊಡಬಹುದಾದದ್ದು. ಜಾಮೀನಿಗೆ ಯಾರಿದ್ದಾರೆ ಎಂದು ಇನ್‌ಸ್ಪೆಕ್ಟರ್ ಕೇಳುವ ಮೊದಲೇ ಮಗಳು ಮುಂದೆ ಬಂದು ಸಹಿ ಹಾಕಿದಳು. ಅವಳ ಕಣ್ಣು ಕೆಂಪಾಗಿತ್ತು.

“ನಾನು ಎಲ್ಲಿಗೂ ಹೋಗಲ್ಲ. ನಾಳೆ ಮಕ್ಕಳು ಕಾಯ್ತಿರ್ತಾರೆ, ಹೊಸ ಪಿನ್ನು ಹಾಕ್ಸಿ ಗಾಡಿ ನೀನೇ ಓಡಿಸ್ಬೇಕು. ಬೈಯೋದೆಲ್ಲ ದಾರೀಲಿ ಬೈತೀನಿ. ನಡಿ ಅಪ್ಪ.”