ಕೊಡದವಳ ಹೆಬ್ಬೆಟ್ಟು

ಪಿಂಚಣಿ ಕಾಗದ ಅಂತ ಹೇಳಿ ವಕೀಲರು ತಮ್ಮ ಕಚೇರಿಯ ಕಸ ಗುಡಿಸುವವಳ ಹೆಬ್ಬೆಟ್ಟು ಒತ್ತಿಸಿಕೊಂಡರು. ಅದು ಟ್ರಸ್ಟ್ ಪತ್ರವಾಗಿತ್ತು. ಅದರ ಪ್ರಕಾರ ಟ್ರಸ್ಟಿನ ಸ್ಥಾಪಕಿ ಆಕೆಯೇ. ತನ್ನ ಎರಡು ಕೋಣೆಯ ಮನೆಯನ್ನು ಮನಸಾರೆ ಕೊಟ್ಟವಳು, ಇನ್ನೆಂದೂ ಹಿಂದಕ್ಕೆ ಕೇಳಲಾರದವಳು. ಆ ಮನೆಯನ್ನು ನೋಡಿಕೊಳ್ಳುವ ಟ್ರಸ್ಟಿ ವಕೀಲರು. ವಿಷಯ ತಿಳಿದ ಹದಿನೇಳನೇ ದಿನ ಆಕೆ ಸತ್ತಳು.

"ಸಾಯೋ ಮುಂಚೆ ಇಲ್ಲಿಗೆ ಬಂದಿದ್ಲು," ಅಂದರು ಕಚೇರಿಯ ಮುದಿ ಗುಮಾಸ್ತರು, ದನಿ ತಗ್ಗಿಸಿ. "ಒಲೆ ಬೂದಿ ತಂದು, ಏನೋ ಮಣಮಣ ಅಂದ್ಕೊಂಡು ಈ ಇಂಕ್ ಪ್ಯಾಡಿಗೆ ತಿಕ್ಕಿದ್ಲು. 'ನಾನು ಕೊಡದೇ ಇದ್ದದ್ದನ್ನ ನನ್ನ ಹೆಸರಲ್ಲಿ ಕೊಡೋರು ತಮ್ಮದನ್ನೇ ಕಳ್ಕೊಳ್ಲಿ' ಅಂದ್ಲು. ಮಾರನೇ ದಿನ ಪತ್ರದ ಮೇಲಿನ ಅವಳ ಹೆಬ್ಬೆಟ್ಟು ಮಾಯ. ಸಾಹೇಬ್ರು ಹೇಳಿದ್ರು ಅಂತ ಅವಳ ಬದಲು ನಾನು ಒತ್ತಿದೆ. ಅದೂ ಮಾಯ. ಅವತ್ತಿಂದ ನನ್ನ ಹೆಂಡ್ತಿಗೆ ನನ್ನ ಗುರುತೇ ಇಲ್ಲ. ಬಾಗ್ಲಲ್ಲಿ ನಿಂತು 'ಯಾರು ಬೇಕಿತ್ತು' ಅಂತಾಳೆ. ನೀನು ಮುಟ್ಟಬೇಡ ಮಗಳೇ."

ಹೊಸದಾಗಿ ಸೇರಿದ್ದ ಕಿರಿಯ ವಕೀಲೆ ಪಕಪಕ ನಕ್ಕಳು. "ನಿಮ್ಮ ಹೆಂಡ್ತಿಗೆ ಒಳ್ಳೇ ನೆಪ ಸಿಕ್ತು ಬಿಡಿ!"

ಗುಮಾಸ್ತರು ನಗಲಿಲ್ಲ. ಹೆಬ್ಬೆರಳು ಚಾಚಿದರು. ಅದರಲ್ಲಿ ಒಂದು ಗೆರೆಯೂ ಇರಲಿಲ್ಲ. ಬೇಯಿಸಿ ಸುಲಿದ ಆಲೂಗಡ್ಡೆಯ ಹಾಗೆ ನುಣ್ಣಗಿತ್ತು.

ಅಷ್ಟರಲ್ಲಿ ವಕೀಲರು ಪತ್ರದ ಎರಡು ಪ್ರತಿ ತಂದು ಮೇಜಿನ ಮೇಲೆ ಹಾಕಿದರು. "ಮೂರು ಗಂಟೆಗೆ ಕೋರ್ಟು. ಎರಡಕ್ಕೂ ಹೆಬ್ಬೆಟ್ಟು ಒತ್ತಮ್ಮ. ಹೆಬ್ಬೆಟ್ಟಿಗೇನು ಮುಖ ಇರುತ್ತಾ?"

ಹೊರಗಿನ ಬೆಂಚಿನ ಮೇಲೆ ಸತ್ತವಳ ಮಗಳು ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕೋರ್ಟು ಪತ್ರವನ್ನು ಒಪ್ಪಿದರೆ ಸಂಜೆಗೆ ಅವಳು ಬೀದಿಗೆ. ಕಿರಿಯ ವಕೀಲೆಗೆ ಅದು ಗೊತ್ತಿತ್ತು. ಆದರೆ ಇದು ಮೊದಲ ಕೆಲಸ. ಕಣ್ಣು ತಪ್ಪಿಸಿ ಬೆರಳನ್ನು ಪ್ಯಾಡಿಗೆ ಅದ್ದಿದಳು.

ಪ್ಯಾಡು ಬಿಸಿಯಾಗಿತ್ತು. ಮೈಜ್ವರದ ಬಿಸಿ.

ಕಾಗದಕ್ಕೆ ಒತ್ತಿದಳು. ಒದ್ದೆ ಬೂದಿಯ ನಾತ, ಅದರ ಹಿಂದೆಯೇ ಕೂದಲು ಸುಟ್ಟ ಕಮಟು ಮೂಗಿಗೆ ಅಡರಿತು. ನಡುಹಗಲಲ್ಲೇ ಕಿಟಕಿ ಕಪ್ಪಾಯಿತು. ಮೇಜಿನ ಕೆಳಗೆ ಸರ್... ಸರ್... ಯಾರೋ ಪೊರಕೆ ಆಡಿಸುತ್ತಿದ್ದರು. ಬೆರಳೆತ್ತಲು ನೋಡಿದಳು. ಬರಲಿಲ್ಲ. ಕಾಗದ ಕಚ್ಚಿಕೊಂಡಿತ್ತು. ಎಳೆದಳು. ಚುರ್ ಎಂದಿತು. ಬಂತು. ಗೆರೆಗಳು ಬರಲಿಲ್ಲ.

ಅಮ್ಮನಿಗೆ ಫೋನು ಹಚ್ಚಿದಳು. "ಅಮ್ಮಾ, ನಾನು..."

"ಯಾರಮ್ಮಾ?"

"ನಾನಮ್ಮ, ನಿನ್ನ ಮಗಳು!"

"ನಂಗೆ ಮಕ್ಕಳೇ ಇಲ್ವಲ್ಲಮ್ಮಾ." ಆಚೆ ಕಡೆ ಅದೇ ದನಿ, ಅದೇ ಅಕ್ಕರೆ. "ಯಾಕಮ್ಮಾ ಅಳ್ತಿದೀಯ? ಊಟ ಆಯ್ತಾ ನಿಂದು?"

ಫೋನು ಕೈಯಿಂದ ಜಾರಿತು. ಪತ್ರದ ಮೇಲಿನ ಗುರುತು ಆಗಲೇ ಆರುತ್ತಿತ್ತು. ಅಂಚು ಹೋಯಿತು. ನಡು ಹೋಯಿತು. ಬರೀ ಬಿಳಿ.

"ಅದಕ್ಕೇ ಎರಡು ಅಂದದ್ದು." ವಕೀಲರು ಇನ್ನೊಂದು ಪ್ರತಿಯನ್ನು ಮುಂದಕ್ಕೆ ತಳ್ಳಿದರು. "ಇದನ್ನ ಮೂರಕ್ಕೆ ಸರಿಯಾಗಿ, ಕೋರ್ಟಿನ ಬಾಗಿಲಲ್ಲೇ ಒತ್ತು. ಗುರುತು ಒಂದು ಗಳಿಗೆ ನಿಂತ್ರೆ ಸಾಕು."

ಅವಳು ತಲೆಯೆತ್ತಿ ಅವರನ್ನೇ ನೋಡಿದಳು. ಎಲ್ಲ ಗೊತ್ತಿದ್ದೂ ತನ್ನಿಂದ ಒತ್ತಿಸಿದ್ದರು.

"ನೀವೇ ಒತ್ತಿ ಸಾರ್. ಹೆಬ್ಬೆಟ್ಟಿಗೇನು ಮುಖ ಇರುತ್ತಾ?"

ವಕೀಲರ ಬಲಗೈ ಹೆಬ್ಬೆರಳನ್ನು ಮುಚ್ಚಿಕೊಂಡು ಮೆಲ್ಲಗೆ ಜೇಬಿಗೆ ಇಳಿಯಿತು. ಪೊರಕೆಯ ಸದ್ದು ಅವಳ ಕಾಲ ಬುಡಕ್ಕೆ ಬಂದು ನಿಂತಿತು. ಹೊರಗೆ ಕೂಸು ಅಳತೊಡಗಿತು.

"ಹೇಳಿದಷ್ಟು ಮಾಡು."

"ಮಾಡಲ್ಲ," ಅಂದಳು.