ಡಚ್ಚಮ್ಮನ ತುಟಿ

“ಬೇರೆ ಎಂತ ಮಾಡಿದ್ರೂ ಅಡ್ಡಿಲ್ಲ ಅಕ್ಕೋರೆ. ಆ ಪಟದ ಬಾಯಿಗೆ ನಿಮ್ಮ ಎಂಜಲು ಮಾತ್ರ ತಾಗಿಸ್ಬೇಡಿ,” ಎಂದ ದಾದಾಸಾಬ, ಟೆಂಪೋದಿಂದ ಕುರ್ಚಿ ಇಳಿಸುತ್ತಾ.

ರೋಹಿಣಿಗೆ ನಗು ತಡೆಯಲಾಗಲಿಲ್ಲ. ಮೈಸೂರಿನಿಂದ ಅವಳು ಬಂದದ್ದೇ ಅದಕ್ಕೆ! ಬಿಳಗಿಯಲ್ಲಿ ಹಳೇ ಮೆಣಸಿನ ಸಾಹುಕಾರರ ಮನೆ ಮ್ಯೂಸಿಯಂ ಆಗುತ್ತಿತ್ತು. ಡಚ್ಚರ ಕುರ್ಚಿ, ಪೆಟಾರಿ, ನೀಲಿ ಪಿಂಗಾಣಿ ಎಲ್ಲ ಬಂದು ಕೂತಿದ್ದವು. ಜೊತೆಗೆ ಬಂದಿದ್ದ ಡಚ್ ಹೆಂಗಸೊಬ್ಬಳ ಮುನ್ನೂರು ವರ್ಷದ ತೈಲಚಿತ್ರದ ಮಸಿ ತೆಗೆಯಲು ಹತ್ತಿಗೆ ಎಂಜಲು ಹಚ್ಚಿ ಒರೆಸುವಷ್ಟು ಒಳ್ಳೇ ಉಪಾಯ ಇನ್ನೊಂದಿಲ್ಲ. ಹಾಗಂತ ಕಲಿಸಿದವನೇ ಉಲ್ಲಾಸ, ಈ ಮ್ಯೂಸಿಯಂ ಕಟ್ಟುತ್ತಿದ್ದವನು. ಅವಳ ಮದುವೆಯಲ್ಲಿ ಅಣ್ಣನ ಸ್ಥಾನದಲ್ಲಿ ನಿಂತವನೂ ಅವನೇ.

ದಾದಾಸಾಬ ಬಿಡಲಿಲ್ಲ. ಆ ಡಚ್ಚಮ್ಮ ಕೊಚ್ಚಿಯಲ್ಲಿ ಸುಳ್ಳು ಸಾಕ್ಷಿ ಹೇಳಿ ಆಳೊಬ್ಬನನ್ನು ಗಲ್ಲಿಗೇರಿಸಿದಳಂತೆ. ಅವನ ತಾಯಿ ಅವಳ ಪಟಕ್ಕೇ ಮಾಟ ಮಾಡಿಸಿದಳಂತೆ. ಅಂದಿನಿಂದ ಎಂಜಲು ತಾಗಿಸಿದವರ ಮಾತೆಲ್ಲ ಆ ಪಟದ ಬಾಯಿಗೇ ಹೋಗುತ್ತದಂತೆ. ಓದಿದವರಿಗೆ ಇಂಥದ್ದೆಲ್ಲ ಕಿವಿಗೆ ಹೋಗುತ್ತದೆಯೇ? ಅವಳು ಉಲ್ಲಾಸನ ಮುಖ ನೋಡಿದಳು. ಅವನೂ ನಕ್ಕ. ಹುಷಾರಿಲ್ಲದ ಮಗಳು ದಿವ್ಯಾ ಒಳಗೆ ಮಲಗಿದ್ದಾಳೆ, ಮೆತ್ತಗೆ ಬಾ ಎಂದು ಕರೆದೊಯ್ದ.

ಬಣ್ಣಕ್ಕೆ ಬಿಸಿಲು ತಾಗಬಾರದೆಂದು ಕಿಟಕಿ ಮುಚ್ಚಿದ ಕೋಣೆ. ನಡುಮಧ್ಯಾಹ್ನವೂ ಕತ್ತಲೆ. ಮೆಣಸಿನ ಘಾಟು, ಹಳೇ ಎಣ್ಣೆಯ ಕಮಟು. ಒಂದು ಪುಟ್ಟ ದೀಪ. ಹತ್ತಿಯನ್ನು ನಾಲಿಗೆಗೆ ಒತ್ತಿ ಅವಳು ಡಚ್ಚಮ್ಮನ ಹಣೆ ಒರೆಸಿದಳು, ಕೆನ್ನೆ ಒರೆಸಿದಳು. ಮಸಿ ಚೆನ್ನಾಗಿ ಬಿಡುತ್ತಿತ್ತು. ತುಟಿಗೆ ಬಂದಳು.

ತುಟಿ ಬೆಚ್ಚಗಿತ್ತು.

ಕೈ ಎಳೆದಳು. ಹತ್ತಿ ಬರಲಿಲ್ಲ. ಬಾಯೆಲ್ಲ ಒಣಗಿತು. ನಾಲಿಗೆ ಕೊರಡಾಯಿತು. ಉಲ್ಲಾಸಣ್ಣಾ ಎಂದು ಕೂಗಿದಳು. ಬರೀ ಗಾಳಿ ಹೊರಟಿತು. ಬಾಗಿಲಿಗೆ ಓಡಿದಳು. ಹೊರಗಿನಿಂದ ಚಿಲಕ. ಬಡಿದಳು. ಬಡಿದಳು.

ಆಚೆ ಉಲ್ಲಾಸ ಅಳುತ್ತಿದ್ದ.

“ಹೋದ ವರ್ಷ ದಿವ್ಯಾ ಅದಕ್ಕೆ ಮುತ್ತು ಕೊಟ್ಟಿದ್ಲು ತಂಗಿ. ಆಗಿಂದ ಮಗಳ ಬಾಯಲ್ಲಿ ಒಂದು ಮಾತಿಲ್ಲ. ಇನ್ನೊಬ್ಬರ ಎಂಜಲು ತಾಗಿದ್ರೆ ಮಾತ್ರ ಅದು ಮೊದಲಿನವರನ್ನ ಬಿಡೋದು. ನಿನ್ನಷ್ಟು ನನ್ನ ನಂಬೋರು ಬೇರೆ ಯಾರಿದ್ರು?”

ರೋಹಿಣಿ ಬಾಗಿಲು ಬಡಿಯುವುದನ್ನು ನಿಲ್ಲಿಸಿದಳು. ಮಾಟಕ್ಕಿಂತ ಈ ಮಾತೇ ಅವಳ ಎದೆ ಒಡೆಯಿತು. ಮೈಸೂರಿನಲ್ಲಿ ಅಮ್ಮನ ಫೋನಿಗೆ ಕಾಯುವ ಮಗ ನೆನಪಾದ.

ಬಾಗಿಲು ತೆರೆಯಿತು. ಏಳೆಂಟು ವರ್ಷದ ಹುಡುಗಿಯೊಬ್ಬಳು ಅಪ್ಪನ ಕೈ ಹಿಡಿದು ನಿಂತಿದ್ದಳು. ರೋಹಿಣಿ ಬಾಯಿ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು.

“ಅಪ್ಪಾ, ಈ ಅತ್ತೆಗೆ ಮಾತು ಬರೂದಿಲ್ವಾ?”

ಉಲ್ಲಾಸ ಮಗಳ ತಲೆ ಸವರಿದ.

“ಇಲ್ಲ ಪುಟ್ಟಾ. ಅವರು ಹುಟ್ಟಿದಾಗಿಂದ್ಲೂ ಹೀಗೇ.”