ಬದಲಾಪುರದ ಬೇಲಿ, ಅಜ್ಜನ ಎಡೆ

ಕಲ್ಯಾಣ್ ಕೋರ್ಟಿನಲ್ಲಿ ಒಂಬತ್ತು ವರ್ಷ ಎಳೆದಾಡಿದ ನಮ್ಮ ಬದಲಾಪುರದ ಜಾಗದ ಕೇಸನ್ನು ನಾನು ಒಂದೇ ಡೈಲಾಗಿನಲ್ಲಿ ಮುಗಿಸಿದವನು ಸ್ವಾಮಿ, ಹಿಂದೆ ಮ್ಯೂಸಿಕ್ ಒಂದಿರಲಿಲ್ಲ ಅಷ್ಟೆ. ಕುಶಲ ದೊಡ್ಡಪ್ಪ ನಮ್ಮ ಪಾಲಿನೊಳಗೆ ನುಗ್ಗಿ ಬೇಲಿ ಹಾಕಿದ್ದರು. ಅಲ್ಲಿನ ಮನೆಯಲ್ಲಿ, ತೀರಿಹೋದ ಅಜ್ಜನಿಗೆ ಕೋಳಿ ಸಾರು, ಗರಿಗರಿ ರೊಟ್ಟಿಯ ಎಡೆ ಬಡಿಸಿ, ಅವರು ಬಂದು ಉಣ್ಣಲೆಂದು ಎಲ್ಲರೂ ಹೊರಹೋಗಿ ಬಾಗಿಲು ಮುಚ್ಚಿದಾಗ ನಾನು ಒಳಗೇ ಕಪಾಟಿನ ಹಿಂದೆ ಅಡಗಿದ್ದೆ.

“ಕುಶಲಾ, ಬೇಲಿ ತೆಗಿ ಮಾರಾಯ,” ಎಂದೆ ಅಜ್ಜನ ದನಿಯಲ್ಲಿ.

“ನಾಳೆಯೇ ತೆಗೀತೇನೆ ಅಪ್ಪ, ನೀವು ಮೊದಲು ಊಟ ಮಾಡಿ,” ಎಂದರು ದೊಡ್ಡಪ್ಪ ಹೊರಗಿನಿಂದ.

ಮರುದಿನವೇ ಕೋರ್ಟಿನಲ್ಲಿ ರಾಜಿ ಬರೆದುಕೊಟ್ಟರು.

ನಿಜ ಹೇಳುತ್ತೇನೆ, ಆ ದನಿ ನನ್ನದು. ಆದರೆ ದೊಡ್ಡಪ್ಪ ಊಟ ಮಾಡಿ ಎಂದ ಮೇಲೆ, ಏಪ್ರಿಲ್ ತಿಂಗಳ ಆ ಮಧ್ಯಾಹ್ನ ನನ್ನ ಬೆನ್ನು ತಣ್ಣಗಾಯಿತು, ರೊಟ್ಟಿ ಕರುಂಕುರುಂ ಎಂದಿತು. ಬಾಗಿಲು ತೆರೆದಾಗ ಎಲೆ ಖಾಲಿ. ನಾನು ಕಪಾಟಿನ ಹಿಂದಿನಿಂದ ಅಲುಗಿರಲೇ ಇಲ್ಲ.